ಮೂರು ಕೂಗಿನ ಬೆಳ್ಳಿಯಪ್ಪ

ಹಲಸಿನಕೊಡಿಗೆಯ ಬೆಳ್ಳಿಯಪ್ಪಗೌಡರ ಗಂಟಲು ಎಷ್ಟು ದೊಡ್ಡದೋ ಎದೆ ಅಷ್ಟೇ ಸಣ್ಣದು. ಅವರು ತಮ್ಮ ಕಣದ ಅಂಚಿನಲ್ಲಿ ನಿಂತು ಒಂದು ಕೂಗು ಹಾಕಿದರೆ ಅದು ಎದುರಿನ ಗುಡ್ಡಕ್ಕೆ ಬಡಿದು, ಗದ್ದೆಬಯಲನ್ನೆಲ್ಲ ಸುತ್ತಿ, ಬಾಳೂರಿನ ಕಡೆಯ ಎಸ್ಟೇಟಿನಲ್ಲಿ ಕೆಲಸ ಬಿಟ್ಟು ಹೊರಟ ಆಳುಗಳ ಕಿವಿಗೂ ಮುಟ್ಟುತ್ತಿತ್ತು. ಅದೇ ಗೌಡರು ಕೊಟ್ಟಿಗೆಯ ಹಿಂದೆ ಒಣಗಿದ ಎಲೆಯೊಂದು ಸರಿದರೆ ಹೆಂಡತಿಯನ್ನು ಕರೆದು, ಅವಳು ಹೋಗಿ ನೋಡಿ ಬರುವವರೆಗೆ ಜಗಲಿಯ ಕಂಬಕ್ಕೆ ಅಂಟಿಕೊಂಡು ನಿಂತಿರುತ್ತಿದ್ದರು. "ದೇವರು ಹುಲಿಗೆ ಅಂತ ಮಾಡಿಟ್ಟ ಗಂಟಲು. ಕೈತಪ್ಪಿ ಮೊಲಕ್ಕೆ ಬಿತ್ತು," ಎಂದು ಅಣ್ಣಮ್ಮ ಗಂಡನ ಎದುರಿಗೇ ಬಂದವರಿಗೆ ಹೇಳುತ್ತಿದ್ದಳು. ಗೌಡರು ಸಿಟ್ಟಾಗುತ್ತಿರಲಿಲ್ಲ. ಸಿಟ್ಟು ಮಾಡುವುದಕ್ಕೂ ಅವರಿಗೆ ಭಯವೇ ಇತ್ತೆಂದು ಕಾಣುತ್ತದೆ.

ಅವರ ನಡಿಗೆಯನ್ನು ನೋಡಿದವರು ಮರೆಯುವಂತಿರಲಿಲ್ಲ. ಇಡೀ ಪಾದವನ್ನು ಒಮ್ಮೆಗೇ ನೆಲಕ್ಕೆ ಊರದೆ, ಮೊದಲು ಬೆರಳ ತುದಿಯಿಂದ ನೆಲವನ್ನು ವಿಚಾರಿಸಿಕೊಂಡು, ಅದು ಹಾವೂ ಅಲ್ಲ ಕೆಸರೂ ಅಲ್ಲ ಎಂದು ಗಟ್ಟಿಯಾದ ಮೇಲೆ ಹಿಮ್ಮಡಿ ಇಡುತ್ತಿದ್ದರು. ಮೈಮೇಲೆ ಸದಾ ಒಂದು ಕರಿಯ ಉಣ್ಣೆಯ ಕೋಟು. ಜ್ವರದಲ್ಲಿ ತೀರಿಕೊಂಡ ಯಾವುದೋ ಬಿಳಿಯ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ ಅವರ ತಂದೆ ತಂದದ್ದು. ಬೇಸಿಗೆಯ ಸುಡುಬಿಸಿಲಿನಲ್ಲೂ ಕೊರಳಿನವರೆಗೆ ಗುಂಡಿ ಹಾಕಿರುತ್ತಿದ್ದರು. ಚಳಿಜ್ವರವು ಎದೆಯ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ಅವರ ನಂಬಿಕೆ. ಆ ಕೋಟಿನ ಮೊದಲ ಯಜಮಾನ ಅದೇ ಜ್ವರದಲ್ಲಿ ಹೋದನಲ್ಲ ಎಂದು ಯಾರಾದರೂ ಕೆಣಕಿದರೆ, "ಅವ ಗುಂಡಿ ಹಾಕ್ತಿದ್ನೋ ಇಲ್ವೋ, ಹೇಳಕ್ಕಾಗಲ್ಲ ಮಾರಾಯ," ಎನ್ನುತ್ತಿದ್ದರು. ಈ "ಹೇಳಕ್ಕಾಗಲ್ಲ" ಅವರ ಎಲ್ಲ ಮಾತಿನ ಕೊನೆಯಲ್ಲೂ ಬರುತ್ತಿತ್ತು. ನಾಳೆ ಬಿಸಿಲು ಬರುತ್ತದೆಯೇ? ಹೇಳಕ್ಕಾಗಲ್ಲ. ಹಸು ಕರು ಹಾಕಿತೇ? ಹಾಕಿದೆ, ಬದುಕುತ್ತದೋ ಇಲ್ಲವೋ, ಹೇಳಕ್ಕಾಗಲ್ಲ.

ಮೂಡಿಗೆರೆ ಸೀಮೆಯ ಆ ಮೂಲೆಯ ಹಳ್ಳಿಗಳನ್ನು ಬಯಲುಸೀಮೆಯ ಹಳ್ಳಿಗಳಂತೆ ಊಹಿಸಿಕೊಳ್ಳಬಾರದು. ಅಲ್ಲಿ ಮನೆಗೆ ಮನೆ ತಾಗುವುದಿಲ್ಲ. ಒಂದು ದಿಬ್ಬದ ಮೇಲೆ ಒಂದು ಮನೆ, ನಡುವೆ ಕಾಡಿನ ತುಂಡು, ಒಂದು ಹಳ್ಳ, ಮತ್ತೊಂದು ದಿಬ್ಬದ ಮೇಲೆ ಇನ್ನೊಂದು ಮನೆ. ಪಕ್ಕದ ಮನೆಯವನು ಬದುಕಿದ್ದಾನೆಯೇ ಎಂದು ತಿಳಿಯಲು ಇದ್ದ ಸಾಧನ ಗಂಟಲೊಂದೇ. ಆದ್ದರಿಂದ ಹಲಸಿನಕೊಡಿಗೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮುಚ್ಚಂಜೆಗೆ ಗೌಡರ ಮನೆಯ ಹಿರಿಯ ಕಣದ ಅಂಚಿಗೆ ಬಂದು ಮೂರು ಸಲ ಕೂಗಬೇಕು. ಒಂದೊಂದು ಮನೆಯಿಂದಲೂ ಒಬ್ಬೊಬ್ಬರು ಮೂರು ಸಲ ಓಗೊಡಬೇಕು. ಮೂರು ಏಕೆಂದರೆ, ಕಾಡಿನಲ್ಲಿ ಒಂದೇ ಸಲ ಕೂಗುವುದು ಮನುಷ್ಯನಲ್ಲ, ಸತ್ತವರು. ಅವರಿಗೆ ಎರಡನೆಯ ಸಲ ಕೂಗುವ ಶಕ್ತಿಯಿಲ್ಲ. ಒಂದು ಕೂಗಿಗೆ ಓ ಎಂದವನ ಉಸಿರು ಆ ಕೂಗಿನ ಹಿಂದೆಯೇ ಹೊರಟುಹೋಗುತ್ತದೆ. ಮಾತು ಬರುವ ಮೊದಲೇ ಮಕ್ಕಳಿಗೆ ಕಲಿಸುತ್ತಿದ್ದ ಪಾಠ ಇದು.

ಬೆಳ್ಳಿಯಪ್ಪನವರ ತಂದೆಯ ಕಾಲದಲ್ಲಿ ಆ ಹೊತ್ತಿಗೆ ಕಣಿವೆಯೆಲ್ಲ ಗದ್ದಲವಾಗುತ್ತಿತ್ತಂತೆ. ಕೃಷ್ಣಪ್ಪನ ಮನೆಯದು ಎಳೆದು ಬಿಡುವ ಕೂಗು, ಮಂಜಯ್ಯನದು ನಗೆಯಂತೆ ಒಡೆದು ಬರುವ ಕೂಗು, ಹಳ್ಳದ ಬದಿಯ ಕೆಂಪಯ್ಯನದು ಕೆಮ್ಮು ಬೆರೆತ ಕೂಗು. ದೊಡ್ಡ ಯುದ್ಧ ಮುಗಿದ ವರ್ಷದ ವಿಷಶೀತಜ್ವರದಿಂದ ಹಿಡಿದು ವರ್ಷವರ್ಷವೂ, ಕಾಫಿ ಹೂವಿನ ಮಳೆ ಬಿದ್ದ ಮೇಲೆ ಶುರುವಾಗುವ ಚಳಿಜ್ವರದಿಂದ, ಒಂದೊಂದೇ ಗಂಟಲು ನಿಂತಿತು. ಉಳಿದವರ ಹೊಟ್ಟೆಯ ಎಡಗಡೆ ಜ್ವರದ ಗಡ್ಡೆ ಕಟ್ಟಿ, ಮಕ್ಕಳು ಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಹೊತ್ತು ತಿರುಗುತ್ತಿದ್ದವು. ಹೆಣ್ಣು ಕೊಡುವವರು ನಿಂತರು. "ಆ ಕೊಡಿಗೆಗೆ ಕೊಟ್ರೆ ವರ್ಷದೊಳಗೆ ವಾಪಸ್ ಕರ್ಕಂಡ್ ಬರ್ಬೇಕು, ಇಲ್ಲ ಸುಟ್ಟು ಬರ್ಬೇಕು," ಎಂದು ಜಾವಳಿಯ ನೆಂಟರು ನೇರವಾಗಿ ಹೇಳಿ ಕಳಿಸಿದರು. ಕೃಷ್ಣಪ್ಪ ಆ ಜಾವಳಿಗೇ, ಹೆಂಡತಿಯ ತವರಿಗೆ, ದನಕರು ಹೊಡೆದುಕೊಂಡು ಹೋಗಿಬಿಟ್ಟ. ಮಂಜಯ್ಯನ ಮನೆಯಲ್ಲಿ ಒಂದೇ ಬೇಸಿಗೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಹೋದರು. ಆ ಮನೆಯ ಬಾಗಿಲನ್ನು ಎಳೆದು ಮುಚ್ಚಿದವರು ಬೆಳ್ಳಿಯಪ್ಪನವರೇ. ಆಮೇಲೆ ಅವರು ಮೂರು ಸಲ ಕೂಗಿದರೆ ಹಳ್ಳದ ಬದಿಯಿಂದ ಕೆಂಪಯ್ಯನೊಬ್ಬ ಕೆಮ್ಮಿ ಓಗೊಡುತ್ತಿದ್ದ. ಕೆಂಪಯ್ಯ ಒಂದು ಸಂಜೆ ತಡಮಾಡಿದರೆ ಗೌಡರ ಕೈಕಾಲು ತಣ್ಣಗಾಗುತ್ತಿತ್ತು.

ಹಲಸಿನಕೊಡಿಗೆ ಹೀಗೆ ಖಾಲಿಯಾಗುತ್ತಿದ್ದರೆ, ಹೊರಗಿನ ರಸ್ತೆಗಳು ತುಂಬುತ್ತಿದ್ದವು. ಮೆಣಸು ಮಾರಲು ಗೌಡರು ಬಣಕಲ್ಲಿಗೆ ಹೋದಾಗಲೆಲ್ಲ ಅಲ್ಲಿ ಹೊಸ ಮುಖ, ಹೊಸ ಭಾಷೆ. ಚಾರ್ಮಾಡಿ ಘಾಟಿ ಹತ್ತಿ ಕೆಳಗಿನ ಸೀಮೆಯ ಆಳುಗಳು ಮೇಸ್ತ್ರಿಗಳ ಹಿಂದೆ ಸಾಲುಸಾಲಾಗಿ ಬರುತ್ತಿದ್ದರು. ತಮಿಳಿನವರು ಎಸ್ಟೇಟಿನ ಆಳುಗಳ ಲೈನುಮನೆಗಳಲ್ಲಿ ಒಲೆ ಹೂಡಿದ್ದರು. ಬಸ್ಸು ನಿಲ್ಲುವಲ್ಲಿ ಗುಲಾಮ್ ಮುಸ್ತಫಾ ಅಂಗಡಿ ಇಟ್ಟು ಮೆಣಸು ಏಲಕ್ಕಿ ಕೊಳ್ಳುತ್ತಿದ್ದರು. "ನಿಮ್ಮ ಕೊಡಿಗೆ ಹೇಗುಂಟು ಗೌಡ್ರೇ?" ಎಂದು ಅವರು ಕೇಳಿದರೆ ಗೌಡರು, "ಹೋದ ಸಲ ನೋಡ್ದಾಗ ಇತ್ತು," ಎನ್ನುತ್ತಿದ್ದರು. ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳುವುದು ಬೇರೆ. "ಅಷ್ಟು ಜನ ಎಲ್ಲಿಂದ ಬರ್ತಾರೆ ಅಣ್ಣಮ್ಮ? ಯಾವ ಊರಿನ ಯಾವ ಕಾಯಿಲೆ ಹೊತ್ಕಂಡ್ ಬರ್ತಾರೋ."

"ನಮ್ಮೂರಿಗೆ ಹೊಸ ಕಾಯಿಲೆ ಎಂತಕ್ಕೆ? ಇರೋದೇ ಸಾಕಾಗಿದೆ," ಎನ್ನುವಳು ಅಣ್ಣಮ್ಮ.

ಆ ಬೇಸಿಗೆಯಲ್ಲಿ, ಅಂದರೆ ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನಲ್ಲಿ, ಒಂದು ಸಂಜೆ ಕಣದ ಅಂಚಿಗೆ ಬಂದ ಗೌಡರು ಕೂಗಲು ಬಾಯಿ ತೆರೆದವರು ಹಾಗೆಯೇ ನಿಂತರು. ಮಂಜಯ್ಯನ ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು.

ಅಂದು ಅವರು ಕೂಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡರು. ಮರುದಿನ ಅಣ್ಣಮ್ಮನೇ ಹೋಗಿ ವಿಚಾರಿಸಿಕೊಂಡು ಬಂದಳು. ಎಸ್ಟೇಟಿನ ಯಜಮಾನ ರುದ್ರಪ್ಪನವರು ಪಾಳುಬಿದ್ದ ಆ ಜಾಗವನ್ನು ತಮ್ಮದಕ್ಕೆ ಸೇರಿಸಿಕೊಂಡು, ಮರ ಕೊಯ್ಯುವುದಕ್ಕೆಂದು ಘಾಟಿಯ ಕೆಳಗಿನಿಂದ ಒಬ್ಬ ಗರಗಸದವನನ್ನು ಕರೆಸಿ ಅಲ್ಲಿ ಇಳಿಸಿದ್ದರು. ಹೆಸರು ಇಲಿಯಾಸ್. ಜೊತೆಗೆ ಹೆಂಡತಿ ಮರಿಯಂ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಗರಗಸದವರು ಸಾಮಾನ್ಯವಾಗಿ ಹೆಂಡಿರನ್ನು ಕರೆತರುವುದಿಲ್ಲ. ಮಳೆ ಹಿಡಿಯುವ ಮುನ್ನ ಊರಿಗೆ ಇಳಿದುಬಿಡುತ್ತಾರೆ. ಇವನಿಗೆ ಇಳಿಯಲು ಊರಿರಲಿಲ್ಲ. ಹೊಳೆ ಕಡಲನ್ನು ಸೇರುವಲ್ಲಿ, ಮರಳಿನ ದಿಬ್ಬದ ಮೇಲೆ ಇದ್ದ ಮನೆಯನ್ನು ಹಿಂದಿನ ಮಳೆಗಾಲದಲ್ಲಿ ಕಡಲು ತಿಂದಿತ್ತು.

"ಸತ್ತೋರ ಮನೇಲಿ ಒಲೆ ಹಚ್ಚಿದಾರೆ," ಎಂದರು ಗೌಡರು.

"ಇದ್ದೋರು ಯಾರೂ ಜಾಗ ಕೊಡ್ಲಿಲ್ಲ, ಹಚ್ಚಿದ್ರು," ಎಂದಳು ಅಣ್ಣಮ್ಮ. "ಆ ಹುಡುಗಿಗೆ ಎರಡು ಕೊಯ್ನಾ ಮಾತ್ರೆ ಕೊಟ್ಟು ಬರ್ತೀನಿ. ಹೂಮಳೆ ಬಿದ್ದಾಯ್ತು."

ಗೌಡರ ಹತ್ತಿರ ಆ ಕೊಯ್ನಾ, ಅಂದರೆ ಚಳಿಜ್ವರದ ಕ್ವಿನೈನ್, ಇತ್ತು. ಸಿಡುಬಿನ ಚುಚ್ಚುಮದ್ದು ಹಾಕಲು ಬರುತ್ತಿದ್ದ ಸರ್ಕಾರದವನನ್ನು ಕಾಡಿಬೇಡಿ ಸಂಗ್ರಹಿಸಿದ್ದ ಡಬ್ಬಿ ಅವರ ತಲೆದಿಂಬಿನ ಕೆಳಗೇ ಇರುತ್ತಿತ್ತು. ಬೇರೆಯವರು ಕಹಿಗೆ ಹೆದರಿ ಉಗುಳುತ್ತಿದ್ದರೆ, ಇವರು ಜ್ವರಕ್ಕೆ ಹೆದರಿ ಅಳತೆ ಮೀರಿ ನುಂಗಿ, ಕಿವಿಯಲ್ಲಿ ಸದಾ ಜೇನು ಎದ್ದಂತೆ ಗುಂಯ್‌ಗುಡುವ ಸದ್ದು ಬರಿಸಿಕೊಂಡಿದ್ದರು. ಹೆಂಡತಿಯ ಮಾತಿಗೆ ಅವರು ಬೇಡವೆನ್ನಲಿಲ್ಲ. "ಈ ಸಲ ಎಷ್ಟು ಬೇಕಾಗ್ತದೋ ಹೇಳಕ್ಕಾಗಲ್ಲ," ಎಂದರು. ಡಬ್ಬಿ ತಲೆದಿಂಬಿನ ಕೆಳಗೇ ಉಳಿಯಿತು. ಮಂಜಯ್ಯನ ಮನೆಯಿಂದ ಬರುವ ಕಾಲುದಾರಿಗೆ ಗೌಡರು ಅಂದೇ ಮುಳ್ಳು ಕಡಿದು ಅಡ್ಡ ಹಾಕಿದರು.

ಆಮೇಲೆ ಒಮ್ಮೆ ಇಲಿಯಾಸ್ ಆ ಮುಳ್ಳಿನಾಚೆ ಬಂದು ನಿಂತು ಮಾತಾಡಿಸಿದ. ಉದ್ದನೆಯ, ತೆಳ್ಳನೆಯ ಆಳು; ತಲೆಗೂದಲಲ್ಲಿ ಮರದ ಹೊಟ್ಟು. "ಗೌಡ್ರೇ, ನಿಮ್ಮ ಕೂಗು ದಿನಾ ಕೇಳ್ತದೆ. ಎಂತಕ್ಕೆ ಕೂಗುದು ನೀವು? ದನ ಕಾಣೆಯಾದದ್ದಾ?"

ಇವರು ಹೇಳಬಹುದಿತ್ತು. ಮೂರು ಸಲ ಕೂಗಿದರೆ ನೀನೂ ಮೂರು ಸಲ ಕೂಗಪ್ಪ, ಅದು ಇಲ್ಲಿನ ರೂಢಿ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಆ ಮನೆಯಿಂದ ಮತ್ತೆ ಒಂದು ಓಗೊಡುವ ದನಿ ಬರುವುದನ್ನು ನೆನೆದೇ ಅವರ ಬೆನ್ನು ನಡುಗಿತು. "ಹೌದು, ದನ," ಎಂದುಬಿಟ್ಟರು.

ಎಂಟು ಹತ್ತು ದಿನಗಳಾದ ಮೇಲೆ, ಗೌಡರ ಕೂಗು ಮುಗಿದು ಕೆಂಪಯ್ಯನ ಕೆಮ್ಮೂ ಕೇಳಿ, ಕತ್ತಲು ಇಳಿಯುತ್ತಿದ್ದ ಹೊತ್ತಿಗೆ ಮಂಜಯ್ಯನ ಮನೆಯ ಕಡೆಯಿಂದ ಒಂದು ಕೂಗು ಬಂತು. ಆ ಕಣಿವೆಯಲ್ಲಿ ಎಂದೂ ಕೇಳದಂಥ ಕೂಗು. ತಗ್ಗಿನಲ್ಲಿ ಹುಟ್ಟಿ, ಏರಿ, ನೀರಿನ ಮೇಲೆ ಹೋಗುವಂತೆ ಉದ್ದಕ್ಕೆ ಹರಿದು ಹೋಯಿತು. ಜಗಲಿಯ ಮೇಲಿದ್ದ ಅಣ್ಣಮ್ಮ ಎದ್ದು ನಿಂತಳು.

"ಯಾರೋ ಕೂಗಿದ್ರು."

"ನನ್ನ ಕಿವಿ ಗುಂಯ್ ಅಂತಿದೆ. ನಂಗೇನೂ ಕೇಳ್ಲಿಲ್ಲ."

"ನನ್ನ ಕಿವಿ ಸರಿಯಾಗೇ ಇದೆ. ಆ ಮನೆ ಕಡೆಯಿಂದ ಬಂತು."

"ಒಂದೇ ಸಲ ಅಣ್ಣಮ್ಮ." ಗೌಡರು ಕೋಟಿನ ಕೊರಳನ್ನು ಹಿಡಿದುಕೊಂಡಿದ್ದರು. "ಇನ್ನೊಂದು ಸಲ ಕೂಗ್ಲಿ. ಹೋಗಣ. ಇನ್ನೊಂದು ಸಲ ಕೂಗ್ಲಿ."

ಇಬ್ಬರೂ ಕಾದರು. ಜೀರುಂಡೆಗಳು ಒಮ್ಮೆಗೇ ನಿಂತು ಮತ್ತೆ ಶುರುವಾದವು. ಹಳ್ಳದ ಬದಿಯಲ್ಲಿ ಕೆಂಪಯ್ಯನೂ ಅದನ್ನು ಕೇಳಿ, ಹೆಂಡತಿ ಮಕ್ಕಳನ್ನು ಒಳಗೆ ಕರೆದು, ಅಗಳಿ ಹಾಕಿ ಕಾಯುತ್ತಿದ್ದನೆಂದು ಆಮೇಲೆ ತಿಳಿಯಿತು. ಅಣ್ಣಮ್ಮ ಎರಡು ಸಲ ಮೆಟ್ಟಿಲಿಳಿದು ಎರಡು ಸಲವೂ ಹಿಂದಕ್ಕೆ ಬಂದಳು. ಬಾಯಿ ಎಷ್ಟೇ ಜೋರಿದ್ದರೂ ಅವಳೂ ಆ ಕಣಿವೆಯಲ್ಲೇ ಬೆಳೆದವಳು. ಎರಡನೆಯ ಕೂಗು ಬರಲಿಲ್ಲ.

ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ, ಇಲಿಯಾಸ್ ಮುಳ್ಳಿನಾಚೆ ಬಂದು ನಿಂತಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಅವನಿಗೂ ಚಳಿ ಹತ್ತಿತ್ತು.

"ನಾನು ಕೂಗಿದ್ದು ನಿಮಗೆ ಕೇಳ್ಲಿಲ್ವಾ ಗೌಡ್ರೇ?"

ಬೆಳ್ಳಿಯಪ್ಪನವರು ಸುಳ್ಳು ಹೇಳಬೇಕೆಂದುಕೊಂಡರು, ಬಾಯಿ ಬರಲಿಲ್ಲ. "ಕೇಳ್ತು."

"ಮತ್ತೆ?"

"ಒಂದೇ ಸಲ ಕೂಗ್ದೆಯಲ್ಲ..."

ಅವನಿಗೆ ಅರ್ಥವಾಗಲಿಲ್ಲ. "ಒಂದೇ ಅಲ್ವಾ ಕೂಗುದು? ನಮ್ಮಲ್ಲಿ ಕಡವಿನಲ್ಲಿ ನಿಂತು ದೋಣಿಯವನನ್ನು ಒಂದು ಸಲ ಕೂಗಿ ಕಾಯುದು. ಅವ ಆಚೆ ದಡದಿಂದ ಬಂದೇ ಬರ್ತಾನೆ. ಎರಡನೇ ಸಲ ಕೂಗಿದ್ರೆ ಅವನನ್ನು ನಂಬಲಿಲ್ಲ ಅಂತ ಆಗ್ತದೆ, ಅವನಿಗೆ ಸಿಟ್ಟು ಬರ್ತದೆ." ಮನೆಯ ಕಡೆ ತಿರುಗಿ ಹೇಳಿದ: "ಜ್ವರದಲ್ಲಿ ಅವಳು ನನ್ನ ಕೈ ಬಿಡ್ಲೇ ಇಲ್ಲ. ಬಿಟ್ಟಿದ್ರೆ ನಾನೇ ಬರ್ತಿದ್ದೆ. ನೀವು ಬರ್ತೀರಿ ಅಂತ ನಾನು ಬಾಗಿಲು ತೆರೆದೇ ಇಟ್ಟಿದ್ದೆ."

ಅಣ್ಣಮ್ಮ ಅವನನ್ನು ದಾಟಿ ಓಡಿದಳು. ಮುಳ್ಳು ತಾಗಿ ಸೀರೆ ಹರಿಯಿತು. ಮರಿಯಂಳ ದೇಹ ಆಗಲೇ ತಣ್ಣಗಾಗಿತ್ತು.

ಮಾರಿಗುಡಿಯ ದಾರಿಯಲ್ಲೂ ಒಬ್ಬರೇ ನಡೆಯದ ಬೆಳ್ಳಿಯಪ್ಪಗೌಡರು ಅಂದು ಒಬ್ಬರೇ ಬಣಕಲ್ಲಿಗೆ ಹೋದರು. ಇಲಿಯಾಸನ ಮತದವರು ಬರದೆ ಆ ಹೆಣ್ಣಿನ ಮಣ್ಣು ಆಗುವಂತಿರಲಿಲ್ಲ. ಇಲಿಯಾಸ್ ಜ್ವರದಲ್ಲಿ ಬಿದ್ದಿದ್ದ. ಕೆಂಪಯ್ಯ ಆ ದಿಕ್ಕಿಗೆ ತಲೆ ಹಾಕುವುದಿಲ್ಲವೆಂದ. ದಾರಿಯುದ್ದಕ್ಕೂ ಗೌಡರಿಗೆ ಸತ್ತವಳೇ ಹಿಂದೆ ಬರುತ್ತಿದ್ದಾಳೆ ಎನ್ನಿಸಿತಂತೆ. ತಿರುಗಿ ನೋಡಿದರೆ ಅವಳೇ ಇರುತ್ತಾಳೆ, ನೋಡದಿದ್ದರೂ ಅವಳೇ ಇರುತ್ತಾಳೆ. ಯಾವಾಗಲೂ ಬೆರಳಿನಿಂದ ನೆಲ ವಿಚಾರಿಸುತ್ತಿದ್ದ ಮನುಷ್ಯ ಆ ದಿನ ಕಲ್ಲು ಮುಳ್ಳು ನೋಡದೆ ನಡೆದು, ಗುಲಾಮ್ ಮುಸ್ತಫಾರ ಅಂಗಡಿಯ ಮುಂದೆ ನಿಂತಾಗ ಹೆಬ್ಬೆರಳಿನ ಉಗುರು ಎದ್ದುಹೋಗಿತ್ತು. ಮೈಲಿಯಾಚೆ ಕೇಳುವ ಗಂಟಲಿನಿಂದ ಪಿಸುಮಾತಿನಷ್ಟೂ ದನಿ ಬರುತ್ತಿರಲಿಲ್ಲ. ಗೌಡರ ಮುಖ ನೋಡಿ ಮುಸ್ತಫಾ ತಕ್ಕಡಿ ಕೆಳಗಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮುಸ್ತಫಾ ನಾಲ್ಕಾರು ಜನರೊಂದಿಗೆ ಬಂದರು; ಮೈತೊಳೆಸಲು ಅವರ ಹೆಂಡತಿ ಜಮೀಲುನ್ನೀಸಾ ಬಂದಳು. ಅಣ್ಣಮ್ಮ ಆಗಲೇ ಹಂಡೆಯಲ್ಲಿ ನೀರು ಕಾಯಿಸಿಟ್ಟು, ಮೃತದೇಹದ ತಲೆದೆಸೆಯಲ್ಲಿ ಕುಳಿತಿದ್ದಳು.

"ನೀವು ಹೊರಗೆ ಇರಿ ಅಮ್ಮ, ಇನ್ನು ನಾನು ನೋಡ್ಕೊಳ್ತೇನೆ," ಎಂದಳು ಜಮೀಲುನ್ನೀಸಾ.

"ನೀರು ಹಾಕಕ್ಕಾದ್ರೂ ಬಿಡಿ," ಎಂದಳು ಅಣ್ಣಮ್ಮ.

ಜಮೀಲುನ್ನೀಸಾ ಅವಳನ್ನು ಒಮ್ಮೆ ನೋಡಿ, ತಂಬಿಗೆಯನ್ನು ಅವಳ ಕೈಗೆ ಕೊಟ್ಟಳು.

ಮಂಜಯ್ಯನ ಹಿತ್ತಿಲಿನ ಕೊನೆಯಲ್ಲಿ ಗುಂಡಿ ತೋಡಿದರು. ಸತ್ತವರನ್ನೆಲ್ಲ ಸುಡುತ್ತಿದ್ದ ಹಲಸಿನಕೊಡಿಗೆಯಲ್ಲಿ ಅದು ಮೊದಲ ಗೋರಿ. ಬಂದವರು ಇಲಿಯಾಸನನ್ನು ಬಣಕಲ್ಲಿಗೆ ಕರೆದೊಯ್ಯುತ್ತೇವೆಂದರು. ಅವನು ಗೋರಿಯ ಕಡೆ ನೋಡಿ ಬರುವುದಿಲ್ಲವೆಂದು ತಲೆಯಾಡಿಸಿದ. ಆಗ ಬೆಳ್ಳಿಯಪ್ಪನವರು ಯಾರನ್ನೂ ಕೇಳದೆ ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ತಮ್ಮ ಮನೆಗೆ ನಡೆಸಿಕೊಂಡು ಬಂದು ಜಗಲಿಯ ಮೇಲೆ ಮಲಗಿಸಿದರು. ಕರಿಯ ಕೋಟನ್ನು ಬಿಚ್ಚಿ ಹೊದಿಸಿದರು. ತಲೆದಿಂಬಿನ ಕೆಳಗಿನ ಡಬ್ಬಿ ಹೊರಗೆ ಬಂತು. ಇಲಿಯಾಸ್ ಕಹಿಗೆ ಮುಖ ಹಿಂಡಿದರೆ, ಗೌಡರು ಅವನ ದವಡೆ ಹಿಡಿದು, "ನುಂಗು ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ, ನುಂಗು," ಎನ್ನುತ್ತಿದ್ದರು. ಅವನು ಬದುಕಿದರೆ ಎದುರಿಗೇ ಇರುತ್ತಾನೆ, ದಿನವೂ ಮುಖ ತೋರಿಸಬೇಕು. ಸತ್ತರೆ ಎರಡು ಗೋರಿಯಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದರೋ ಅವರಿಗೇ ತಿಳಿಯದು.

ಇಲಿಯಾಸನ ಜ್ವರ ಬಿಡುವವರೆಗೆ ಗೌಡರು ಕಣದ ಅಂಚಿಗೆ ಹೋಗಲಿಲ್ಲ. ಮೂರನೆಯ ಸಂಜೆಯೋ ನಾಲ್ಕನೆಯದೋ, ಕೆಂಪಯ್ಯ ಕತ್ತಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ.

"ಯಾಕ್ ಗೌಡ್ರೆ ಕೂಗ್ಲಿಲ್ಲ? ನೀವೂ ಹೋದ್ರಿ ಅನ್ಕಂಡು ನಾನು ಅಲ್ಲಿ ಸಾಯ್ತಾ ಇದೀನಿ!"

"ಇದೀನಿ," ಎಂದರು ಗೌಡರು. "ಕೇಳಿಲ್ಲಿ ಕೆಂಪಯ್ಯ. ಇನ್ಮೇಲೆ ಒಂದ್ ಕೂಗಿಗೂ ಎದ್ದು ಹೋಗ್ಬೇಕು."

"ಒಂದಕ್ಕಾ? ದೆವ್ವ ಆಗಿದ್ರೆ?"

"ಆಗಿರ್ಲಿ. ಅದಕ್ಕೂ ಜ್ವರ ಬಂದಿರ್ಬಹುದು. ಹೇಳಕ್ಕಾಗಲ್ಲ."

ಕೆಂಪಯ್ಯ ನಗಲು ಹೊರಟವನು ಗೌಡರ ಮುಖ ನೋಡಿ ಕತ್ತಿ ಕೆಳಗಿಟ್ಟ. ಜಗಲಿಯ ಮೇಲಿಂದ ಇಲಿಯಾಸ್ ಅದನ್ನೆಲ್ಲ ಕೇಳುತ್ತ ಗೋಡೆಯ ಕಡೆಗೆ ಹೊರಳಿದ. ಅವನು ಗೌಡರನ್ನು ಕ್ಷಮಿಸಿದನೆಂದು ಹೇಳಲು ಯಾವ ಆಧಾರವೂ ಇಲ್ಲ. ಜ್ವರ ಬಿಟ್ಟ ಮೇಲೆ ಮಂಜಯ್ಯನ ಮನೆಗೆ ಹಿಂದಿರುಗಿದ. ಮಳೆಗಾಲವೆಲ್ಲ ಅಲ್ಲೇ ಕಳೆದ. ಮಾತು ಕಡಿಮೆ. ಮರುವರ್ಷ ಅವನ ಅಣ್ಣನ ಸಂಸಾರ ಘಾಟಿ ಹತ್ತಿ ಬಂತು, ಅವರ ಹಿಂದೆ ಮತ್ತಿಬ್ಬರು ಗರಗಸದವರು. ಕೃಷ್ಣಪ್ಪನ ಪಾಳುಮನೆಗೆ ಒಂದು ತಮಿಳು ಕುಟುಂಬ ಸೇರಿತು. ಗೌಡರು ಹೊಸಬರ ಬಾಗಿಲಿಗೆಲ್ಲ ಹೋಗಿ ನಿಂತು ಹೆದರಿಸುತ್ತಿದ್ದರು. ಹೂಮಳೆ ಬಂತು, ಹೆಂಗಸು ಮಕ್ಕಳನ್ನು ಘಾಟಿಯ ಕೆಳಗೆ ಕಳಿಸಿ. ಹಳ್ಳದ ನೀರು ಬೇಡ. ಮಾತ್ರೆ ನುಂಗಿ, ನನ್ನೆದುರಿಗೇ ನುಂಗಿ. ಜನ ಅವರ ಬೆನ್ನ ಹಿಂದೆ ನಕ್ಕರು. ಹದ್ದೋ ಕಾಡುಕುರಿಯೋ ಒಮ್ಮೆ ಕೂಗಿದರೂ ಆ ಮುದುಕ ದೊಂದಿ ಹಚ್ಚಿಕೊಂಡು ನಡುಗುತ್ತ ಗುಡ್ಡ ಇಳಿಯುವುದನ್ನು ನೋಡಿ ಹುಚ್ಚು ಎಂದರು. ನಡುಕ ಕೊನೆಯವರೆಗೂ ಹೋಗಲಿಲ್ಲ. ಪ್ರತಿಸಲವೂ ಇದೇ ನನ್ನ ಕಡೆಯ ಓಗೊಡುವಿಕೆ ಎಂದೇ ಅವರು ಮನೆಯಿಂದ ಹೊರಡುತ್ತಿದ್ದರೆಂದು ಅಣ್ಣಮ್ಮ ಹೇಳುತ್ತಿದ್ದಳು. ಆಗ ಅವಳು ಮೊಲದ ಮಾತು ಎತ್ತುತ್ತಿರಲಿಲ್ಲ.

ನಮ್ಮ ಮಲೆಸೀಮೆಯ ಕಥೆ ಹೇಳುವವರು ಕಾಡು ಕಡಿದವರನ್ನೂ ಹುಲಿ ಹೊಡೆದವರನ್ನೂ ಬಂಗಲೆ ಕಟ್ಟಿದವರನ್ನೂ ನೆನೆಯುತ್ತಾರೆ. ಆ ಧೈರ್ಯಶಾಲಿಗಳಲ್ಲಿ ಬಹಳ ಮಂದಿ ಜ್ವರದ ಮೊದಲ ಬೇಸಿಗೆಗೇ ಗಂಟುಮೂಟೆ ಕಟ್ಟಿ ಹೋದರೆಂಬುದನ್ನು ಯಾರೂ ಹೇಳುವುದಿಲ್ಲ. ಹೋಗುವುದಕ್ಕೂ ಹೆದರಿ ಉಳಿದುಕೊಂಡ ಕೆಲವರಿದ್ದರು. ಅಂಥವರು ಬಂದವರಿಗೆ ಮೊದಲು ಬಾಗಿಲು ಹಾಕುತ್ತಾರೆ, ಅದರಿಂದ ಆಗಬಾರದ್ದು ಆಗಿಹೋಗುತ್ತದೆ, ಆಮೇಲೆ ಬಾಗಿಲು ಹಾಕುವುದಕ್ಕೇ ಹೆದರುತ್ತ ಬದುಕುತ್ತಾರೆ. ಅವರಿಂದ ಒಂದು ಊರು ಉಳಿಯಿತು ಎಂದರೆ ಅದನ್ನು ಪುಣ್ಯವೆಂದು ಕರೆಯಲು ನಾಲಿಗೆ ಹಿಂಜರಿಯುತ್ತದೆ, ಏಕೆಂದರೆ ಅದರ ಬೆಲೆ ತೆತ್ತವಳು ಹಿತ್ತಿಲಿನ ಮಣ್ಣಿನಲ್ಲಿ ಮಲಗಿದ್ದಾಳೆ, ಅವಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.